ಪಟ್ಟದಕಲ್ಲಿನಿಂದ ಕೂಡಲಸಂಗಮದವರೆಗೆ ಕಯಾಕಿನಲ್ಲಿ ಹೋಗಬಹುದೇ?

ನವನಗರ ಮಾಸ್ತರ, ಬಾಗಲಕೋಟೆ

ಎಲ್ಲರಿಗೂ ಶರಣು ಶರಣಾರ್ಥಿಗಳು.

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗನನ್ನು ಕರೆದುಕೊಂಡು ಕೇರಳದ ಕೋಳಿಕ್ಕೋಡು ಜಿಲ್ಲೆಯ ಕೋಡಂಚೇರಿಗೆ ಹೋಗಿ ಮಲಬಾರ್ ನದಿ ಉತ್ಸವವನ್ನು ನೋಡಿ ಬಂದೆ. 2013ರಲ್ಲಿ ಆರಂಭವಾದ ಈ ಉತ್ಸವದಲ್ಲಿ ಚಾಲಿಪ್ಪುಳ ಮತ್ತು ಇರುವಂಜಿಪ್ಪುಳ ಎಂಬ ಎರಡು ಬೆಟ್ಟದ ಹೊಳೆಗಳ ಮೇಲೆ, ಅವು ಮೈದುಂಬಿ ಹರಿಯುವ ದಿನಗಳಲ್ಲಿಯೇ, ದೇಶವಿದೇಶಗಳ ಕಯಾಕ್ (ಕುಳಿತು ಹುಟ್ಟು ಹಾಕಿ ನಡೆಸುವ ಕಿರಿದಾದ ಹಗುರ ದೋಣಿ) ಪಟುಗಳು ಸ್ಪರ್ಧೆಗೆ ಇಳಿಯುತ್ತಾರೆ. ನೀರಿನ ಮೇಲೆ ತೂಗುಬಿಟ್ಟ ಕೋಲುಗಳ ನಡುವೆ ನುಸುಳಿ ಹೋಗುವ ಸ್ಲಾಲಂ, ಹಲವರು ಏಕಕಾಲಕ್ಕೆ ನೀರಿಗೆ ಜಾರಿ ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ ಮುನ್ನುಗ್ಗುವ ಬೋಟರ್ ಕ್ರಾಸ್, ಬಂಡೆಗಳ ಇಳಿಜಾರಿನಲ್ಲಿ ನಡೆಯುವ ವೇಗದ ಓಟ, ಇವೆಲ್ಲವನ್ನೂ ದಂಡೆಯ ಮೇಲೆ ನಿಂತು ನೋಡಿದೆವು. ಕೊನೆಯಲ್ಲಿ ಗೆದ್ದವರನ್ನು ರ‍್ಯಾಪಿಡ್ ರಾಜಾ, ರ‍್ಯಾಪಿಡ್ ರಾಣಿ ಎಂದು ಕರೆದು ಗೌರವಿಸುತ್ತಾರೆ.

ಸ್ಪರ್ಧೆಯಷ್ಟೇ ನನ್ನನ್ನು ಹಿಡಿದು ನಿಲ್ಲಿಸಿದ್ದು ದಂಡೆಯ ಮೇಲಿದ್ದ ಊರಿನ ಜನ. ಕೊಡೆ ಹಿಡಿದು ನಿಂತಿದ್ದ ಹಿರಿಯರೊಬ್ಬರು, ಯಾವ ಬಂಡೆಯ ಹಿಂದೆ ನೀರು ಸುಳಿ ಕಟ್ಟುತ್ತದೆ, ಯಾವ ವರ್ಷ ಹೊಳೆ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ತಮ್ಮ ಮನೆಯಂಗಳದ ವಿಷಯವೆಂಬಂತೆ ನನಗೆ ತಿಳಿಸಿದರು. ಅಲ್ಲಿಂದ ಮರಳುವಾಗ ಹುಡುಗ ಕೇಳಿದ: "ಮಾಮಾ, ನಮ್ಮ ಹೊಳೆಯಲ್ಲಿ ಯಾಕೆ ಯಾರೂ ಹೀಗೆ ಇಳಿಯುವುದಿಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವವನು. ಇಪ್ಪತ್ತು ವರ್ಷಗಳಿಂದ ಪ್ರತಿ ಚಳಿಗಾಲದಲ್ಲಿಯೂ ಮಕ್ಕಳನ್ನು ಬಸ್ಸಿನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಕರೆದೊಯ್ಯುತ್ತೇನೆ. ಬಸ್ಸು ರಸ್ತೆಯ ಬದಿಗೆ ನಿಲ್ಲುತ್ತದೆ, ಮಕ್ಕಳು ರಸ್ತೆಯ ಕಡೆಯಿಂದ ಒಳಗೆ ಬರುತ್ತಾರೆ. ಆದರೆ ವಿರೂಪಾಕ್ಷ ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ. ಅದರ ನಂದಿ ಮಂಟಪವನ್ನು ದಾಟಿ ಪೂರ್ವದ ಬಾಗಿಲಿನಿಂದ ಹೊರಬಿದ್ದರೆ ಎದುರಿಗೆ ಸಿಗುವುದು ಮಲಪ್ರಭೆ. ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದ ಆ ಗುಡಿಯ ಮುಂಬಾಗಿಲು ಹೊಳೆಯ ಕಡೆಗಿದೆ. ಇಷ್ಟು ವರ್ಷ ನಾನು ಮಕ್ಕಳಿಗೆ ಪಟ್ಟದಕಲ್ಲನ್ನು ಹಿತ್ತಲಿನಿಂದ ತೋರಿಸಿದ್ದೇನೆ ಎಂಬ ಭಾವನೆ ಕೋಡಂಚೇರಿಯಿಂದ ಬಂದ ಮೇಲೆ ನನ್ನನ್ನು ಬಿಡುತ್ತಿಲ್ಲ. ಚಾಲುಕ್ಯರ ಪಟ್ಟಾಭಿಷೇಕದ ಊರು, ಪಟ್ಟದ ಕಿಸುವೊಳಲು, ಹೊಳೆ ಉತ್ತರಕ್ಕೆ ತಿರುಗಿ ಹರಿಯುವ ಪವಿತ್ರ ಸ್ಥಳವೆಂದೇ ಆಯ್ಕೆಯಾದದ್ದು. ಅದನ್ನು ಒಮ್ಮೆ ನೀರಿನ ಮೇಲಿನಿಂದ ನೋಡಬೇಕು.

ಆದುದರಿಂದ ನನ್ನ ಪ್ರಶ್ನೆ ಇದು. ಪಟ್ಟದಕಲ್ಲಿನಿಂದ ಹೊರಟು, ಐಹೊಳೆಯ ಪಕ್ಕದಲ್ಲಿ ಹಾದು, ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುವವರೆಗೆ ಕಯಾಕಿನಲ್ಲಿ ಹೋಗಲು ಸಾಧ್ಯವೇ? ಸಾಧ್ಯವಿದ್ದರೆ ಯಾವ ತಿಂಗಳು ಸೂಕ್ತ? ನಾವು ಎಂಟು ಜನರಿದ್ದೇವೆ. ನಾಲ್ವರು ಶಿಕ್ಷಕರು, ನಾಲ್ವರು ಕಾಲೇಜು ಹುಡುಗರು. ಎಲ್ಲರಿಗೂ ಈಜು ಬರುತ್ತದೆ, ಕಯಾಕ್ ಮಾತ್ರ ಯಾರಿಗೂ ರೂಢಿಯಿಲ್ಲ. ಶಾಲಾ ಮಕ್ಕಳನ್ನು ಕರೆದೊಯ್ಯುವ ಆಲೋಚನೆ ಸದ್ಯಕ್ಕೆ ಇಲ್ಲ. ಮೊದಲು ನಾವು ಕಲಿಯಬೇಕು. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಖಾನಾಪುರ ಕಾಡಂಚು, ಬೆಳಗಾವಿ ಜಿಲ್ಲೆ

ಮಾಸ್ತರರೇ, ನಮಸ್ಕಾರ. ನಾನು ಆರೇಳು ವರ್ಷಗಳಿಂದ ಕಯಾಕ್ ನಡೆಸುತ್ತಿದ್ದೇನೆ. ಕಲಿತದ್ದು ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ. ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಕೋಡಂಚೇರಿಯ ಹೊಳೆಗೂ ನಮ್ಮ ಹೊಳೆಗೂ ಇರುವ ವ್ಯತ್ಯಾಸವನ್ನು ಹೇಳಬೇಕು, ಏಕೆಂದರೆ ಅದು ಮನಸ್ಸಿಗೆ ಬಂದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಪಶ್ಚಿಮಕ್ಕೆ ಹರಿಯುವ ಹೊಳೆಗಳು ಘಟ್ಟದ ನೆತ್ತಿಯಿಂದ ಸ್ವಲ್ಪವೇ ದೂರದಲ್ಲಿ ಸಮುದ್ರದ ಮಟ್ಟಕ್ಕೆ ಇಳಿದುಬಿಡುತ್ತವೆ. ಆದುದರಿಂದಲೇ ಅಲ್ಲಿ ಬಿಳಿ ನೊರೆಯ ನೀರು. ಮಲಪ್ರಭೆಯ ಲೆಕ್ಕವೇ ಬೇರೆ. ಅವಳು ನಮ್ಮ ತಾಲ್ಲೂಕಿನ ಕಣಕುಂಬಿಯಲ್ಲಿ ಸುಮಾರು 792 ಮೀಟರ್ ಎತ್ತರದಲ್ಲಿ ಹುಟ್ಟಿ, ಸುಮಾರು 304 ಕಿಲೋಮೀಟರ್ ಪೂರ್ವಕ್ಕೆ ಹರಿದು, ಸುಮಾರು 488 ಮೀಟರ್ ಎತ್ತರದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕಳೆದು ನೋಡಿದರೆ 304 ಕಿಲೋಮೀಟರಿಗೆ 304 ಮೀಟರ್ ಇಳಿಜಾರು, ಅಂದರೆ ಸರಾಸರಿ ಕಿಲೋಮೀಟರಿಗೆ ಒಂದೇ ಒಂದು ಮೀಟರ್. ಅದರಲ್ಲಿಯೂ ಇಳಿಜಾರಿನ ಹೆಚ್ಚಿನ ಪಾಲು ಮೇಲ್ಭಾಗದಲ್ಲಿಯೇ ಮುಗಿದುಹೋಗುತ್ತದೆ. ಆದ್ದರಿಂದ ನೀವು ಕೇಳಿರುವ ಭಾಗ ಮೂಲತಃ ಶಾಂತ ನೀರಿನ ಪಯಣಕ್ಕೆ ಹೇಳಿ ಮಾಡಿಸಿದ್ದು. ಸ್ಪರ್ಧೆಯ ಗಿಡ್ಡ ಕಯಾಕ್ ಅಲ್ಲಿ ನಿಮ್ಮನ್ನು ದಣಿಸುತ್ತದೆ. ನೇರವಾಗಿ ಸಾಗುವ ಉದ್ದನೆಯ, ಮೇಲೆ ಕುಳಿತುಕೊಳ್ಳುವ ಬಗೆಯ ಕಯಾಕ್ ಬೇಕು. ಮಗುಚಿದರೂ ಅದರಿಂದ ಬಿದ್ದವರು ಸಿಕ್ಕಿಕೊಳ್ಳುವುದಿಲ್ಲ, ಹೊಸಬರಿಗೆ ಅದೇ ಕ್ಷೇಮ.

ಆದರೆ ನೀರು ಎಲ್ಲಿದೆ ಎಂಬುದು ಎರಡನೆಯ ಪ್ರಶ್ನೆ, ಮತ್ತು ನಿಮ್ಮ ಯೋಜನೆಗೆ ಅದೇ ದೊಡ್ಡ ಅಡ್ಡಿ. ಸವದತ್ತಿಯ ಹತ್ತಿರ ಹೊಳೆ ಗುಡ್ಡವನ್ನು ಸೀಳಿಕೊಂಡು ಹೊರಬರುವ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ. ಅದರ ಹಿಂದಿನ ರೇಣುಕಾಸಾಗರದ ನೀರು ಕಾಲುವೆಗಳ ಮೂಲಕ ಹೊಲಗಳಿಗೂ, ಕುಡಿಯಲು ಹುಬ್ಬಳ್ಳಿ-ಧಾರವಾಡಕ್ಕೂ ಹೋಗುತ್ತದೆ. ಜಲಾಶಯ ತುಂಬಿ ಗೇಟು ತೆಗೆದ ದಿನಗಳನ್ನು ಬಿಟ್ಟರೆ ಕೆಳಗಿನ ಹೊಳೆಗೆ ಉಳಿಯುವುದು ಹಳ್ಳಗಳಿಂದ ಬಂದ ನೀರು ಮತ್ತು ಮಡುಗಳಲ್ಲಿ ನಿಂತ ನೀರು. ಇದರಿಂದ ವಿಚಿತ್ರವಾದ ಪರಿಸ್ಥಿತಿ ಉಂಟಾಗಿದೆ: ಗೇಟು ತೆಗೆದಾಗ ಹೊಳೆ ಹೊಸಬರು ಇಳಿಯಬಾರದಷ್ಟು ಅಪಾಯಕಾರಿ, ಗೇಟು ಹಾಕಿದ ಕೆಲವು ವಾರಗಳಲ್ಲಿ ಕಯಾಕನ್ನು ಹೊತ್ತು ನಡೆಯಬೇಕಾದಷ್ಟು ತೆಳುವು. 2019ರ ಆಗಸ್ಟಿನಲ್ಲಿ ಇದೇ ಹೊಳೆ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೆ ನುಗ್ಗಿದ್ದನ್ನು ನೀವು ಕಣ್ಣಾರೆ ಕಂಡಿರಬಹುದು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ದಾರಿಯುದ್ದಕ್ಕೂ ಬಾಂದಾರುಗಳು, ಅಂದರೆ ನೀರು ನಿಲ್ಲಿಸಲು ಹೊಳೆಗೆ ಅಡ್ಡವಾಗಿ ಕಟ್ಟಿದ ತಗ್ಗು ಗೋಡೆಗಳು, ಇವೆ. ಅವುಗಳ ಮೇಲಿನಿಂದ ನೀರು ಒಂದೇ ಸಮನೆ, ಅಗಲಕ್ಕೂ, ಅಂದವಾಗಿ ಬೀಳುವುದನ್ನು ನೋಡಿದರೆ ಜಾರುಬಂಡಿಯಂತೆ ಕಾಣುತ್ತದೆ. ಅದನ್ನು ಎಂದಿಗೂ ನಂಬಬಾರದು. ಬಿದ್ದ ನೀರು ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಗೋಡೆಯ ಕಡೆಗೇ ಹಿಂದಿರುಗುತ್ತದೆ; ಅದರಲ್ಲಿ ಸಿಕ್ಕಿದ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲಿಯೇ ಉರುಳುವುದನ್ನು ನಾನು ನೋಡಿದ್ದೇನೆ. ಬಂಡೆಗಳ ನಡುವಿನ ಸುಳಿಗೆ ಎಲ್ಲಾದರೂ ಒಂದು ಕಡೆ ಬಾಯಿ ಇರುತ್ತದೆ, ಬಾಂದಾರಿನ ಸುಳಿಗೆ ದಂಡೆಯಿಂದ ದಂಡೆಯವರೆಗೆ ಬಾಯಿಯೇ ಇರುವುದಿಲ್ಲ. ಲೈಫ್ ಜಾಕೆಟ್ ಹಾಕಿದವರೂ ಅದರಲ್ಲಿ ಸತ್ತಿದ್ದಾರೆ. ಬಾಂದಾರು ಬಂತೆಂದರೆ ಬಹಳ ಮುಂಚೆಯೇ ದಂಡೆಗೆ ಹತ್ತಿ, ಕಯಾಕನ್ನು ಹೊತ್ತು ದಾಟಿ, ಕೆಳಗೆ ದೂರದಲ್ಲಿ ಮತ್ತೆ ನೀರಿಗೆ ಇಳಿಯಬೇಕು. ಮರಳು ತೆಗೆದ ಗುಂಡಿಗಳೂ ಇವೆ. ಮೊಣಕಾಲು ಮಟ್ಟದ ನೀರಿನಲ್ಲಿ ಕಯಾಕ್ ಎಳೆದುಕೊಂಡು ನಡೆಯುವವನು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಹೋಗಬಹುದು. ಆದ್ದರಿಂದ ನಡೆಯುವಾಗಲೂ ಜಾಕೆಟ್ ಬಿಚ್ಚಬೇಡಿ.

ಇಷ್ಟನ್ನು ಹೇಳಿ ನಿಮ್ಮ ಉತ್ಸಾಹವನ್ನು ಕುಗ್ಗಿಸುವ ಉದ್ದೇಶ ನನ್ನದಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ದಾರಿಯನ್ನು ಒಂದೇ ಹೊಡೆತಕ್ಕೆ ಮುಗಿಸುವ ಆಸೆಯನ್ನು ಬಿಡಬೇಕು. ಮಳೆ ನಿಂತು, ಕೆಂಪು ನೀರು ತಿಳಿಯಾಗುವ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ಭಾಗದಲ್ಲಿ, ಪಟ್ಟದಕಲ್ಲಿನ ಹತ್ತಿರ ನೀರು ನಿಂತಿರುವ ಭಾಗದಲ್ಲಿ ಮಾತ್ರ ಒಂದೆರಡು ಗಂಟೆ ಇಳಿದು ಗುಡಿಗಳ ಶಿಖರಗಳನ್ನು ನೋಡಿ ಬನ್ನಿ. ಅದಕ್ಕೂ ಮೊದಲು ಪುರಾತತ್ವ ಇಲಾಖೆಯ ಸ್ಥಳೀಯ ಕಚೇರಿಗೆ ತಿಳಿಸಿರಿ. ಉದ್ದನೆಯ ಪಯಣವನ್ನು ಕೆಳಗಿನ ಹಿನ್ನೀರಿಗೆ ಇಟ್ಟುಕೊಳ್ಳಿ. ಬಿಳಿ ನೀರಿನ ಆಸೆ ಹುಡುಗರಿಗೆ ಇದ್ದರೆ ಅವರನ್ನು ಕಾಳಿಗೆ ಕಳುಹಿಸಿ; ಅಸೋಗದ ರಾಮಲಿಂಗೇಶ್ವರ, ಹಬ್ಬನಹಟ್ಟಿಯ ಮಾರುತಿಯ ಸುತ್ತ ನಮ್ಮ ಮಲಪ್ರಭೆ ಜುಲೈ ತಿಂಗಳಲ್ಲಿ ಚೆಲುವೆಯೇ ಸರಿ, ಆದರೆ ದಂಡೆಯ ಮರಗಳು ನೀರಿಗೆ ಬಾಗಿ ಬಲೆಯಂತೆ ನಿಂತಿರುತ್ತವೆ. ಹೊಸಬರಿಗೆ ಅದು ಬೇಡ.

ತಂಗಡಗಿ ದಂಡೆ, ಮುದ್ದೇಬಿಹಾಳ ತಾಲ್ಲೂಕು

ಖಾನಾಪುರದ ಅಣ್ಣನವರು ಕೆಳಗಿನ ಹಿನ್ನೀರು ಎಂದರು. ಆ ಮಾತನ್ನು ನಾನು ಮುಂದುವರಿಸುತ್ತೇನೆ, ಏಕೆಂದರೆ ನಮ್ಮ ಊರು ಇರುವುದೇ ಆ ಹಿನ್ನೀರಿನ ದಂಡೆಯಲ್ಲಿ.

ಅನೇಕರು ಕೂಡಲಸಂಗಮ ಆಲಮಟ್ಟಿಯ ಹಿನ್ನೀರಿನಲ್ಲಿದೆ ಎಂದು ತಪ್ಪಾಗಿ ತಿಳಿದಿದ್ದಾರೆ. ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮ ಆಲಮಟ್ಟಿಯ ಮೇಲ್ಭಾಗದಲ್ಲಿದೆ. ಮಲಪ್ರಭೆ ಸೇರುವ ಕೂಡಲಸಂಗಮ ಆಲಮಟ್ಟಿಯ ಕೆಳಗೆ, ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿದೆ. ಆ ಜಲಾಶಯದ ಪೂರ್ಣ ಮಟ್ಟ 492.25 ಮೀಟರ್. ಮಲಪ್ರಭೆಯ ಕೊನೆ ಸುಮಾರು 488 ಮೀಟರ್ ಎಂದು ಮೇಲೆ ಬರೆದಿದ್ದಾರೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಜಲಾಶಯ ತುಂಬಿದಾಗ ಸಂಗಮದ ಮೇಲೆ ಏಕೆ ನೀರು ನಿಲ್ಲುತ್ತದೆ, ಬಸವಣ್ಣನವರ ಐಕ್ಯ ಮಂಟಪದ ಸುತ್ತ ಬಾವಿಯಂತಹ ಗೋಡೆಯನ್ನು ಏಕೆ ಎತ್ತರಿಸಬೇಕಾಯಿತು ಎಂಬುದು ಅರ್ಥವಾಗುತ್ತದೆ. ಸುತ್ತಲೂ ನೀರಿರುವಾಗ ಮೆಟ್ಟಿಲಿಳಿದು ಆ ಬಾವಿಯ ತಳದಲ್ಲಿ ನಿಂತವರಿಗೆ ತಮ್ಮ ತಲೆಯ ಮಟ್ಟಕ್ಕಿಂತ ಮೇಲೆ ಹೊಳೆ ಇದೆ ಎಂಬ ಅರಿವಾಗುತ್ತದೆ. ಚಿಕ್ಕಂದಿನಲ್ಲಿ ಮೊದಲ ಸಲ ಇಳಿದಾಗ ನನಗೆ ಅಳು ಬಂದಿತ್ತು, ಈಗಲೂ ಅಲ್ಲಿ ಮಾತು ಹೊರಡುವುದಿಲ್ಲ.

ಮಾಸ್ತರರೇ, ಹೊಳೆಯ ಇತಿಹಾಸವನ್ನು ನೀರಿನ ಮೇಲಿನಿಂದ ನೋಡಬೇಕೆಂಬ ನಿಮ್ಮ ಆಸೆಗೆ ನಾನು ಬೇರೊಂದು ದಾರಿಯನ್ನು ಸೂಚಿಸುತ್ತೇನೆ. ಬಸವಣ್ಣನವರ ಪತ್ನಿಯರಲ್ಲಿ ಗಂಗಾಂಬಿಕೆಯವರ ಐಕ್ಯ ಮಂಟಪ ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯಲ್ಲಿ ಇದೆ. ಬಸವಣ್ಣನವರದು ಅದೇ ಮಲಪ್ರಭೆ ಮುಗಿಯುವ ಕೂಡಲಸಂಗಮದಲ್ಲಿ ಇದೆ. ನೀಲಾಂಬಿಕೆಯವರದು ನಮ್ಮ ತಂಗಡಗಿಯಲ್ಲಿ, ಕೃಷ್ಣೆಯಲ್ಲಿ ಇದೆ. ಮೂರೂ ಒಂದೇ ನೀರಿನ ದಾರಿಯಲ್ಲಿವೆ. ನೀಲಾಂಬಿಕೆಯವರನ್ನು ಸಂಗಮಕ್ಕೆ ಕರೆತರಲು ಬಸವಣ್ಣನವರು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರೆಂದೂ, ಸಂಗಮವನ್ನು ಮುಟ್ಟುವ ಮೊದಲೇ ತಂಗಡಗಿಯಲ್ಲಿ ಆ ತಾಯಿ ಲಿಂಗೈಕ್ಯರಾದರೆಂದೂ ನಮ್ಮ ಕಡೆಯ ಪರಂಪರೆ ಹೇಳುತ್ತದೆ. ಸಂಗಮದಿಂದ ತಂಗಡಗಿಯವರೆಗಿನ ಹಿನ್ನೀರಿನಲ್ಲಿ ಬಾಂದಾರುಗಳ ಕಾಟವಿಲ್ಲ, ಮಳೆಗಾಲ ಮುಗಿದ ಮೇಲೆ ಕೆಲವು ತಿಂಗಳು ನೀರು ಚೆನ್ನಾಗಿ ನಿಂತಿರುತ್ತದೆ. ಆ ತಾಯಿಯ ದಾರಿಯ ಉಳಿದ ಭಾಗವನ್ನು ಹುಟ್ಟು ಹಾಕುತ್ತ ಸಾಗುವುದಕ್ಕಿಂತ ಒಳ್ಳೆಯ ಪಯಣ ನನಗೆ ತೋಚುವುದಿಲ್ಲ. ಬೇಸಿಗೆಗೆ ಕಾಲುವೆಗಳಿಗೆ ನೀರು ಹೋಗಿ ಮಟ್ಟ ಇಳಿದರೆ ದಂಡೆಯಲ್ಲಿ ಕೆಸರು ಏಳುತ್ತದೆ. ಆಗ ಕಯಾಕ್ ಇಳಿಸುವುದೇ ಕಷ್ಟ.

ಇತಿಹಾಸದ ಮಾಸ್ತರರಿಗೆ ಇನ್ನೊಂದು ಮಾತನ್ನು ಹೇಳಲೇಬೇಕು. 1565ರ ಜನವರಿ 23ರಂದು ವಿಜಯನಗರದ ರಾಮರಾಯನಿಗೂ ದಖ್ಖನ್ನಿನ ಸುಲ್ತಾನರಿಗೂ ನಡೆದ ಕಾಳಗವನ್ನು ತಾಳಿಕೋಟೆಯ ಯುದ್ಧ ಎಂದು ಪಾಠದಲ್ಲಿ ಓದಿಸುತ್ತೇವೆ. ರಕ್ಕಸಗಿ-ತಂಗಡಗಿ ಯುದ್ಧ ಎಂಬ ಹೆಸರಿನಲ್ಲಿರುವ ತಂಗಡಗಿ ಇದೇ. ಆ ಯುದ್ಧವನ್ನು ಸೈನ್ಯದ ಸಂಖ್ಯೆಯಿಂದಲೋ ಫಿರಂಗಿಗಳಿಂದಲೋ ವಿವರಿಸುವುದು ರೂಢಿ, ಆದರೆ ಮೊದಲಿಗೆ ಅದು ಹೊಳೆ ದಾಟುವ ಪ್ರಶ್ನೆಯಾಗಿತ್ತು. ದಕ್ಷಿಣ ದಂಡೆಯಲ್ಲಿ ವಿಜಯನಗರದ ಕಾವಲು ಇದ್ದುದರಿಂದ ಸುಲ್ತಾನರ ಸೈನ್ಯ ಬೇರೆ ಕಡೆ ದಾಟುವಂತೆ ನಟಿಸಿ ದಂಡೆಯುದ್ದಕ್ಕೂ ಕೆಲವು ದಿನ ಸಾಗಿತು, ಎದುರು ದಂಡೆಯವರು ಅದರ ಬೆನ್ನು ಹತ್ತಿ ಹೋದ ಮೇಲೆ ಅವಸರದಿಂದ ಹಿಂದಿರುಗಿ ಕಾವಲಿಲ್ಲದ ಕಡವಿನಲ್ಲಿ (ತೆಳು ನೀರಿನಲ್ಲಿ ನಡೆದು ದಾಟಬಹುದಾದ ಜಾಗದಲ್ಲಿ) ದಾಟಿತು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಜನವರಿಯಲ್ಲಿ ಕೃಷ್ಣೆ ಇಳಿದಿರುತ್ತಿದ್ದುದರಿಂದ ಕುದುರೆಗಳು ದಾಟಬಲ್ಲ ಕಡವುಗಳು ತೆರೆದಿದ್ದವು. ಇಂದು ಅದೇ ಜನವರಿಯಲ್ಲಿ ನಮ್ಮ ಊರಿನ ಮುಂದೆ ನಿಂತರೆ ಕಾಣುವುದು ಜಲಾಶಯದ ನಿಂತ ನೀರು. ಕಡವು ಎಂಬ ಪದದ ಅರ್ಥವನ್ನು ಮಕ್ಕಳಿಗೆ ತಿಳಿಸುವುದೇ ಕಷ್ಟವಾಗಿದೆ. ಕಯಾಕಿನಿಂದ ಕೋಲು ಇಳಿಬಿಟ್ಟು ಆಳ ನೋಡಿದರೆ ನಿಮ್ಮ ಹುಡುಗರಿಗೆ ಆ ಬದಲಾವಣೆ ಒಂದು ಕ್ಷಣದಲ್ಲಿ ತಿಳಿಯುತ್ತದೆ.

ಮಂಟಪಗಳ ಹತ್ತಿರ ಗದ್ದಲ ಮಾಡಬಾರದು, ಗೋಡೆಗೆ ಕಯಾಕ್ ತಾಗಿಸಿ ನಿಲ್ಲಿಸಬಾರದು. ಇದನ್ನು ನೀವು ಪಾಲಿಸುತ್ತೀರಿ ಎಂದು ನನಗೆ ಗೊತ್ತಿದೆ, ನಿಮ್ಮ ನಂತರ ಬರುವವರಿಗಾಗಿ ಬರೆದಿದ್ದೇನೆ.

ನವನಗರ ಮಾಸ್ತರ, ಬಾಗಲಕೋಟೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಿಲೋಮೀಟರಿಗೆ ಒಂದು ಮೀಟರ್ ಎಂಬ ಲೆಕ್ಕವನ್ನು ನಾನು ನಾಳೆಯೇ ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತೇನೆ. ಕೂಡಲಸಂಗಮ ಯಾವ ಜಲಾಶಯದ ಹಿನ್ನೀರಿನಲ್ಲಿದೆ ಎಂಬ ವಿಷಯದಲ್ಲಿ ನಾನೂ ತಪ್ಪು ತಿಳಿದಿದ್ದೆ ಎಂದು ಒಪ್ಪಿಕೊಳ್ಳಬೇಕು.

ಸಂಗಮದಿಂದ ತಂಗಡಗಿ ಎಂಬ ದಾರಿ ನಮ್ಮ ಗುಂಪಿನ ಎಲ್ಲರಿಗೂ ಒಪ್ಪಿಗೆಯಾಗಿದೆ. ಈಗ ಎರಡು ಅನುಮಾನಗಳು ಉಳಿದಿವೆ. ನಿಂತ ನೀರು ಎಂದರೆ ನಿಜವಾಗಿಯೂ ನಿಂತೇ ಇರುತ್ತದೆಯೇ? ಮೊಸಳೆಗಳ ವಿಷಯದಲ್ಲಿ ಮನೆಯವರು ಹೆದರಿದ್ದಾರೆ, ಅವರಿಗೆ ಏನು ಹೇಳಲಿ?

ಹಿನ್ನೀರಿನ ಅಂಬಿಗ, ಬೀಳಗಿ

ಗುರುಗಳೇ, ನಮ್ಮದು ಅಂಬಿಗರ ಮನೆತನ. ನಮ್ಮ ಅಜ್ಜ ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದರು, ಅಪ್ಪ ಮೀನು ಹಿಡಿದರು, ನಾನು ಈಗಲೂ ಹಿಡಿಯುತ್ತೇನೆ. ಆದುದರಿಂದ ನೀರಿನ ಮೇಲೆ ದಿನವೂ ಇರುವವನಾಗಿ ಬರೆಯುತ್ತೇನೆ.

ನಿಂತ ನೀರು ನಿಂತಿರುವುದಿಲ್ಲ. ಆಲಮಟ್ಟಿಯ ವಿದ್ಯುತ್ ಕೇಂದ್ರದ ಸಾಮರ್ಥ್ಯ 290 ಮೆಗಾವಾಟ್. ಅದು ಓಡುವಾಗ ಬಿಡುವ ನೀರು ಕೆಳಗಿನ ಹಿನ್ನೀರಿಗೇ ಬರುತ್ತದೆ. ಬೆಳಿಗ್ಗೆ ದಂಡೆಯಲ್ಲಿ ಎಳೆದಿಟ್ಟ ದೋಣಿ ಮಧ್ಯಾಹ್ನಕ್ಕೆ ತೇಲಿಹೋಗಬಹುದು. ಹೊರಡುವ ಹಿಂದಿನ ದಿನ ಆಲಮಟ್ಟಿಯಲ್ಲಿರುವ ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿಯಲ್ಲಿ ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ, ಹೆಚ್ಚಿಸುವ ಉದ್ದೇಶವಿದೆಯೇ ಎಂದು ಕೇಳಿ ತಿಳಿಯಿರಿ. ಅಣೆಕಟ್ಟಿನ ಹತ್ತಿರದ ನೀರಿಗೆ ಇಳಿಯಲು ಅವಕಾಶವಿಲ್ಲ, ಇಳಿಯಲೂಬಾರದು.

ಅದಕ್ಕಿಂತ ದೊಡ್ಡದು ಗಾಳಿ. ಹೊಳೆಯಾಗಿದ್ದಾಗ ಅಗಲ ಕಡಿಮೆ, ದಂಡೆ ಹತ್ತಿರ, ಗಾಳಿಗೆ ಅಲೆ ಎಬ್ಬಿಸಲು ಜಾಗವಿರಲಿಲ್ಲ. ಹಿನ್ನೀರಾದ ಮೇಲೆ ಗಾಳಿಗೆ ಉದ್ದನೆಯ ಬಯಲು ಸಿಕ್ಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿಯಲ್ಲಿ ನಾವೇ ದೋಣಿ ಇಳಿಸಲು ಯೋಚಿಸುತ್ತೇವೆ. ಚಳಿಗಾಲದಲ್ಲಿ ಬೆಳಗಿನ ಜಾವ ನೀರು ಕನ್ನಡಿಯಂತೆ ಇರುತ್ತದೆ, ಬಿಸಿಲು ಏರಿದಂತೆ ಗಾಳಿ ಏಳುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹೊರಟು ಹತ್ತು ಹತ್ತೂವರೆಗೆ ದಂಡೆ ಸೇರುವ ಹಾಗೆ ಲೆಕ್ಕ ಹಾಕಿರಿ. ಒಂದು ದಿನದಲ್ಲಿ ಮುಗಿಯದಿದ್ದರೆ ಎರಡು ಬೆಳಗು ಮಾಡಿರಿ. ನಡುನೀರಿನಲ್ಲಿ ಹೋಗುವ ಆಸೆ ಬೇಡ, ದಂಡೆಯ ಗುಂಟ ಸಾಗಿರಿ.

ಆದರೆ ದಂಡೆಯ ಗುಂಟ ಸಾಗುವಾಗ ನೀರಿನ ಕೆಳಗೆ ಏನಿದೆ ಎಂಬ ಅರಿವಿರಲಿ. ಮುಳುಗಡೆಯಾದ ಹೊಲಗಳ ಜಾಲಿಯ ಬೊಡ್ಡೆಗಳು, ಬಾವಿಯ ಕಟ್ಟೆಗಳು, ಮನೆಯ ಗೋಡೆಗಳು ಮಟ್ಟ ಇಳಿದಾಗ ಅಂಗೈ ಅಗಲದ ನೀರಿನ ಕೆಳಗೆ ಇರುತ್ತವೆ. ರೈತರ ಪಂಪ್‌ಸೆಟ್ಟಿನ ಪೈಪುಗಳೂ ತಂತಿಗಳೂ ನೀರಿನವರೆಗೆ ಬಂದಿರುತ್ತವೆ. ಅವುಗಳನ್ನು ಕೈಯಿಂದ ಎತ್ತಿ ದಾರಿ ಮಾಡಿಕೊಳ್ಳುವ ಕೆಲಸ ಮಾಡಬೇಡಿ, ಸುತ್ತಿ ಹೋಗಿ. ಸಾಲಾಗಿ ತೇಲುವ ಥರ್ಮಾಕೋಲ್ ತುಂಡುಗಳನ್ನು ಕಂಡರೆ ಅವುಗಳ ಕೆಳಗೆ ಬಲೆ ಇದೆ ಎಂದು ತಿಳಿಯಿರಿ. ಒಂದು ಬಲೆ ಹರಿದರೆ ಒಂದು ಮನೆಯ ಹಲವು ದಿನಗಳ ದುಡಿಮೆ ಹೋಗುತ್ತದೆ. ಹೊರಡುವ ಮೊದಲು ಅಲ್ಲಿನ ಮೀನುಗಾರರೊಂದಿಗೆ ಕುಳಿತು ಮಾತನಾಡಿರಿ. ಸಾಧ್ಯವಾದರೆ ಅವರಲ್ಲಿ ಒಬ್ಬರನ್ನು ಕೂಲಿ ಕೊಟ್ಟು ಜೊತೆಗೆ ದೋಣಿಯಲ್ಲಿ ಕರೆದುಕೊಂಡು ಹೋಗಿ. ಅದು ನಿಮಗೂ ರಕ್ಷಣೆ, ಅವರಿಗೂ ಗೌರವ.

ಮೊಸಳೆ ಕೃಷ್ಣೆಯಲ್ಲಿಯೂ ಇದೆ, ಘಟಪ್ರಭೆಯಲ್ಲಿಯೂ ಇದೆ. ಇಲ್ಲ ಎಂದು ಮನೆಯವರಿಗೆ ಸುಳ್ಳು ಹೇಳಬೇಡಿ. ಅದು ಚಳಿಗಾಲದ ಬಿಸಿಲಿಗೆ ದಂಡೆಯ ಮೇಲೆ ಮಲಗುತ್ತದೆ, ಸದ್ದಾದರೆ ನೀರಿಗೆ ಇಳಿಯುತ್ತದೆ. ಅಪಾಯ ಹೆಚ್ಚಿರುವುದು ದಂಡೆಯ ಅಂಚಿನಲ್ಲಿ ಕುಳಿತು ಕೈಕಾಲು ನೀರಿಗೆ ಬಿಡುವವರಿಗೆ. ಕಯಾಕ್ ಏರಿಸುವ, ಇಳಿಸುವ ಜಾಗವನ್ನು ಊರಿನವರನ್ನು ಕೇಳಿಯೇ ಆರಿಸಿರಿ, ಜನ ಬಟ್ಟೆ ಒಗೆಯುವ ಕಡೆ ಇಳಿಯುವುದು ಉತ್ತಮ. ಕತ್ತಲಾದ ಮೇಲೆ ನೀರಿನ ಹತ್ತಿರ ಹೋಗಬೇಡಿ, ಮೀನು ತೊಳೆದ ನೀರನ್ನು ಬಿಡಾರದ ಬಳಿ ಚೆಲ್ಲಬೇಡಿ.

ಚಳಿಗಾಲದಲ್ಲಿ ನಮ್ಮ ಆಲಮಟ್ಟಿ ಹಿನ್ನೀರಿನ ಕಡೆಗೂ ಒಮ್ಮೆ ಬನ್ನಿ. ಹೆರಕಲ್ಲಿನ ಸುತ್ತ ಪಟ್ಟೆತಲೆ ಹೆಬ್ಬಾತುಗಳೂ ರಾಜಹಂಸಗಳೂ ಬಂದಿಳಿಯುತ್ತವೆ. ಕಯಾಕಿನಲ್ಲಿ ಅವುಗಳ ಹತ್ತಿರ ಹೋಗದೆ ದಂಡೆಯಿಂದಲೇ ನೋಡಬೇಕು. ದೂರದಿಂದ ಹಾರಿ ಬಂದ ಹಕ್ಕಿಯನ್ನು ಎಬ್ಬಿಸುವುದು ಸರಿಯಲ್ಲ.

ಅಜ್ಜನ ಹರಿಗೋಲಿನ ವಿಷಯವಾಗಿ ಒಂದು ಮಾತು. ಬಿದಿರಿನ ಸೀಳುಗಳನ್ನು ಹೆಣೆದು, ಮೊದಲೆಲ್ಲ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಹಚ್ಚಿ ಮಾಡುವ ಅದು ಗುಂಡಗಿರುವುದರಿಂದ ಹುಟ್ಟನ್ನು ಹಿಂದಕ್ಕೆ ತಳ್ಳಿದರೆ ತಿರುಗುತ್ತದೆ. ಮುಂದೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ನಿಮ್ಮ ಹುಡುಗರು ಒಂದು ದಿನ ಹರಿಗೋಲು ನಡೆಸಲು ಕಲಿತರೆ ಕಯಾಕ್ ಬಹಳ ಸುಲಭವಾಗುತ್ತದೆ. ಹೇಳಿಕೊಡಲು ನಾನು ಸಿದ್ಧನಿದ್ದೇನೆ.

ಗುಮ್ಮಟ ನಗರಿ, ವಿಜಯಪುರ

ತಂಗಡಗಿಯಲ್ಲಿ ಪಯಣ ಮುಗಿಸಿ ಅದೇ ದಾರಿಯಲ್ಲಿ ಹಿಂದಿರುಗದೆ, ಬಸವನ ಬಾಗೇವಾಡಿಯ ಮೇಲೆ ವಿಜಯಪುರಕ್ಕೆ ಬರಬೇಕೆಂದು ನನ್ನ ವಿನಂತಿ. ಬಸವಣ್ಣನವರ ಹುಟ್ಟೂರನ್ನು ನೋಡಿದಂತಾಗುತ್ತದೆ, ನೀರಿನ ಕಥೆಯ ಇನ್ನೊಂದು ಮುಖವೂ ಸಿಗುತ್ತದೆ.

ನಮ್ಮ ನಗರದ ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ. ಆದಿಲ್‌ಶಾಹಿಗಳು ರಾಜಧಾನಿಗೆ ನೀರನ್ನು ತರಬೇಕಾಯಿತು. ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಬಂದಿತು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಬೇಗಂ ತಲಾಬ್ ಕಟ್ಟಿ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಸಿದರು. ಆ ಕೊಳವೆಗಳ ದಾರಿಯಲ್ಲಿ ಅಲ್ಲಲ್ಲಿ ನಿಂತಿರುವ ಚೌಕಾಕಾರದ ಗೋಪುರಗಳಿಗೆ ಗಂಜ್ ಎನ್ನುತ್ತಾರೆ. ನೀರು ಅವುಗಳಲ್ಲಿ ಮೇಲೇರಿ ಇಳಿಯುವಾಗ ಒತ್ತಡ ತಗ್ಗಿ ಕೊಳವೆ ಒಡೆಯುವುದು ತಪ್ಪುತ್ತಿತ್ತು, ಹೂಳು ಅಲ್ಲಿಯೇ ತಳಕ್ಕೆ ಕೂರುತ್ತಿತ್ತು. ಇವತ್ತು ಜನ ಅವುಗಳನ್ನು ಹಾಳು ಗೋಪುರಗಳೆಂದು ದಾಟಿ ಹೋಗುತ್ತಾರೆ, ಅದು ನನಗೆ ನೋವಿನ ವಿಷಯ. ಊರ ಹೊರಗಿನ ಕುಮಟಗಿಯಲ್ಲಿ ಅರಸರ ಬೇಸಿಗೆಯ ವಿಹಾರಕ್ಕಾಗಿ ಕಟ್ಟಿದ ಜಲಮಂಟಪಗಳಿವೆ. ಗೋಡೆಯ ಚಿತ್ರಗಳು ಮಾಸಿದ್ದರೂ ನೀರು ಎಲ್ಲಿಂದ ಹತ್ತಿ ಎಲ್ಲಿ ಚಿಮ್ಮುತ್ತಿತ್ತು ಎಂಬುದನ್ನು ಹುಡುಗರಿಂದಲೇ ಪತ್ತೆ ಹಚ್ಚಿಸಬಹುದು. ತಾಜ್ ಬಾವಡಿಯ ಮೆಟ್ಟಿಲುಗಳ ಮೇಲೆ ಕುಳಿತು ಬುತ್ತಿ ಬಿಚ್ಚಬೇಡಿ, ನಮ್ಮ ಮನೆಗೆ ಬನ್ನಿ. ರೊಟ್ಟಿ, ಎಣ್ಣೆಗಾಯಿ, ಕೊಲ್ಹಾರದ ಗಟ್ಟಿ ಮೊಸರು ಸಿದ್ಧವಿರುತ್ತದೆ.

ನವನಗರ ಮಾಸ್ತರ, ಬಾಗಲಕೋಟೆ

ಎಲ್ಲರ ಮಾತುಗಳನ್ನೂ ಗುಂಪಿನವರ ಮುಂದೆ ಓದಿ ಹೇಳಿದೆ. ತೀರ್ಮಾನಿಸಿದ್ದನ್ನು ತಿಳಿಸುತ್ತೇನೆ, ತಪ್ಪಿದ್ದರೆ ತಿದ್ದಬೇಕು.

ಪಟ್ಟದಕಲ್ಲು-ಐಹೊಳೆ-ಸಂಗಮ ಎಂಬ ಮೂಲ ಯೋಜನೆಯನ್ನು ಕೈಬಿಟ್ಟಿದ್ದೇವೆ. ಮೊದಲಿಗೆ ಬೀಳಗಿಯ ಅಂಬಿಗ ಅಣ್ಣನವರ ಹತ್ತಿರ ಹರಿಗೋಲು ಕಲಿಯುತ್ತೇವೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವರು ಬಾದಾಮಿಯ ಬಂಡೆಗಳ ಮೇಲೆ ಶಿಲಾರೋಹಣ ಕಲಿಸುವುದು ನಮಗೆ ಗೊತ್ತಿದೆ. ಜಲಸಾಹಸದ ತರಬೇತಿಯ ಬಗ್ಗೆಯೂ ಅವರಿಗೆ ಪತ್ರ ಬರೆದಿದ್ದೇವೆ. ಮಗುಚಿದ ಕಯಾಕಿಗೆ ನೀರಿನಲ್ಲಿಯೇ ಮರಳಿ ಹತ್ತುವುದನ್ನು ಎಂಟೂ ಜನ ಕಲಿಯುವವರೆಗೆ ಹಿನ್ನೀರಿಗೆ ಇಳಿಯುವುದಿಲ್ಲ. ನವೆಂಬರ್ ಮೊದಲ ವಾರದಲ್ಲಿ ಪಟ್ಟದಕಲ್ಲಿನ ಮಡುವಿನಲ್ಲಿ, ಅನುಮತಿ ದೊರೆತರೆ, ಒಂದು ಬೆಳಗು ಕಳೆಯುತ್ತೇವೆ. ಡಿಸೆಂಬರ್ ಎರಡನೆಯ ಶನಿವಾರ ಮತ್ತು ಭಾನುವಾರ, ಎರಡು ಬೆಳಗಿನಲ್ಲಿ, ಸಂಗಮದಿಂದ ತಂಗಡಗಿ. ಜೊತೆಗೆ ಮೀನುಗಾರರ ಒಂದು ದೋಣಿ ಇರುತ್ತದೆ.

ಅಕ್ಕನ ಮಗ ಆಗಲೇ ಮೂರು ಆಳು ಉದ್ದದ ಬಿದಿರಿನ ಕೋಲಿಗೆ ಅಡಿ ಅಡಿಗೂ ಬಣ್ಣದ ಗೆರೆ ಎಳೆದು ಇಟ್ಟಿದ್ದಾನೆ. ತಂಗಡಗಿಯ ಮುಂದೆ ಹಳೆಯ ಕಡವು ಎಲ್ಲಿತ್ತು ಎಂದು ಊರಿನ ಹಿರಿಯರು ಯಾರಾದರೂ ತೋರಿಸಬಲ್ಲರೇ? ದಯವಿಟ್ಟು ವಿಚಾರಿಸಿ ತಿಳಿಸಿ. ಆಳವನ್ನು ಅಲ್ಲಿಂದಲೇ ಅಳೆಯಲು ಆರಂಭಿಸುತ್ತೇವೆ.

ತಂಗಡಗಿ ದಂಡೆ, ಮುದ್ದೇಬಿಹಾಳ ತಾಲ್ಲೂಕು

ನಮ್ಮ ದೊಡ್ಡಪ್ಪನವರಿಗೆ ಎಂಬತ್ತು ದಾಟಿದೆ. ನಾರಾಯಣಪುರದ ನೀರು ನಿಲ್ಲುವ ಮೊದಲು ಅವರು ಎತ್ತುಗಳನ್ನು ಹೊಳೆ ದಾಟಿಸುತ್ತಿದ್ದ ಜಾಗ ಅವರಿಗೆ ಚೆನ್ನಾಗಿ ನೆನಪಿದೆ. ಡಿಸೆಂಬರಿನ ಆ ಭಾನುವಾರ ಬೆಳಿಗ್ಗೆ ಅವರನ್ನು ದಂಡೆಗೆ ಕರೆತರುತ್ತೇನೆ.